‘ರಕ್ಷಣೆಗೆ ಬದ್ಧ’ ಅನ್ನುವ ಅಭ್ಯರ್ಥಿಗೆ ಏನು ಕೇಳಬೇಕು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು, ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. ಚುನಾವಣೆ ಹತ್ತಿರ ಬಂದರೆ ಎಲ್ಲ ಪಕ್ಷದವರೂ ನಮ್ಮ ಸಂಘದ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಬರುತ್ತಾರೆ. ನಾವು ರಸ್ತೆ, ನೀರು, ಸಾಲದ ಬಡ್ಡಿ ಕೇಳುತ್ತೇವೆ. ಈ ಸಲ ಮನೆಯೊಳಗಿನ ಹೊಡೆತ ಬಡಿತದ ಬಗ್ಗೆಯೂ ಕೇಳಬೇಕೆಂದು ಮಾತಾಡಿಕೊಂಡಿದ್ದೇವೆ. ಆದರೆ ‘ಮಹಿಳೆಯರ ರಕ್ಷಣೆಗೆ ನಾವು ಬದ್ಧ’ ಎಂದು ಕೈ ಮುಗಿದು ಹೋಗಿಬಿಡುತ್ತಾರೆ. ನಿಜವಾಗಿ ಅವರ ಕೈಯಲ್ಲಿ ಏನಿದೆ? ಏನು ಕೇಳಬೇಕು, ಹೇಗೆ ಕೇಳಬೇಕು? ಇನ್ನೊಂದು: ನಮ್ಮ ಸಂಘದ ಒಬ್ಬಾಕೆ ಗಂಡನ ಹೊಡೆತ ತಾಳದೆ ತವರಿಗೆ ಬಂದಿದ್ದಾಳೆ. ಆಕೆಯಿಂದಲೇ ಅಭ್ಯರ್ಥಿ ಮುಂದೆ ಹೇಳಿಸಿದರೆ ಮನಸ್ಸಿಗೆ ತಟ್ಟುತ್ತದೆ ಎಂದು ಕೆಲವರು ಅನ್ನುತ್ತಾರೆ. ಹಾಗೆ ಮಾಡಬಹುದೇ?

ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ದಯವಿಟ್ಟು ಆಕೆಯನ್ನು ಅಭ್ಯರ್ಥಿ ಮುಂದೆ ನಿಲ್ಲಿಸಬೇಡಿ. ಅಭ್ಯರ್ಥಿ ಒಬ್ಬರೇ ಬರುವುದಿಲ್ಲ, ಹಿಂದೆ ಒಂದು ದಂಡೇ ಇರುತ್ತದೆ, ದಂಡಿನ ಅರ್ಧ ಜನ ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಆಕೆ ಅಳುತ್ತಾ ಹೇಳಿದ್ದು ಸಂಜೆಯೊಳಗೆ ವಾಟ್ಸಾಪಿನಲ್ಲಿ ಗಂಡನ ಊರು ಮುಟ್ಟಿರುತ್ತದೆ. ಬಂದ ಕಾರ್ಯಕರ್ತರಲ್ಲಿ ಒಬ್ಬ ಗಂಡನ ಕಡೆಯ ನೆಂಟನೇ ಆಗಿದ್ದರೂ ಆಶ್ಚರ್ಯವಿಲ್ಲ. ಮುಂದೆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಅದೇ ವಿಡಿಯೊ ಹಿಡಿದು, ‘ಇದು ರಾಜಕೀಯಕ್ಕೆ ಮಾಡಿದ ಕೇಸು’ ಎಂದು ಪಾಟೀಸವಾಲಿನಲ್ಲಿ ಆಕೆಯನ್ನು ಹಿಂಡುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ಬೇರೆಯೇ ಇದೆ. ಅಭ್ಯರ್ಥಿ ಅಲ್ಲೇ ಫೋನ್ ತೆಗೆದು, ‘ಅವನ ಕೂಡ ನಾ ಮಾತಾಡ್ತೀನವಾ, ನೀ ಸುಮ್ನ ಮನೀಗೆ ಹೋಗು’ ಅಂದುಬಿಡುತ್ತಾರೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಅಷ್ಟು ಜನರೆದುರು ಆಕೆ ಒಲ್ಲೆ ಅನ್ನಲಾಗದೆ ಅದೇ ಮನೆಗೆ ವಾಪಸ್ ಹೋಗಬೇಕಾಗುತ್ತದೆ.

ಆಕೆಯ ಕೆಲಸ ಚುನಾವಣೆಗೆ ಕಾಯುವಂಥದ್ದೂ ಅಲ್ಲ. ಗಾಯ ಇನ್ನೂ ಇದ್ದರೆ ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ‘ಬಿದ್ದು ಪೆಟ್ಟಾಯ್ತು’ ಎನ್ನದೆ ಯಾರು ಹೊಡೆದರು, ಯಾವುದರಿಂದ ಹೊಡೆದರು ಎಂದು ಇದ್ದದ್ದನ್ನೇ ಹೇಳಿ ಎಂ.ಎಲ್.ಸಿ., ಅಂದರೆ ಹೊಡೆತದ ಗಾಯಕ್ಕೆ ಆಸ್ಪತ್ರೆಯವರು ಮಾಡುವ ವೈದ್ಯಕೀಯ-ಕಾನೂನು ದಾಖಲೆ, ಬರೆಸಿ. ಗಂಡನ ಊರಿನ ಕೋರ್ಟಿಗೇ ಹೋಗಬೇಕೆಂದಿಲ್ಲ. ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ರಕ್ಷಣೆ ಕೋರಿ ಅರ್ಜಿ ಹಾಕಬಹುದು. ವಕೀಲರ ಫೀ ಬಗ್ಗೆ ಚಿಂತೆ ಬೇಡ. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರು ಸಿಗಬೇಕು, ಅದು ಅವರ ಹಕ್ಕು. ಕಾನೂನು ನೆರವಿಗೆ 15100, ಮಹಿಳಾ ಸಹಾಯವಾಣಿಗೆ 181, ಜೀವಕ್ಕೆ ಅಪಾಯ ಅನ್ನಿಸಿದರೆ 112. ಇಷ್ಟು ಮಾಡಿದ ಮೇಲೆ ಅಭ್ಯರ್ಥಿಗಳ ಕಡೆ ತಿರುಗೋಣ.

ತಾಲ್ಲೂಕು ಕೋರ್ಟುಗಳಲ್ಲಿ ಇಂಥ ಅರ್ಜಿಗಳನ್ನು ನಡೆಸುವ ವಕೀಲೆಯಾಗಿ ನಾನು ಹೇಳುವುದು ಇಷ್ಟೇ: ಹೊಸ ಕಾನೂನು ಕೇಳಬೇಡಿ, ಹೊಸ ಹೆಸರಿನ ಯೋಜನೆಯನ್ನೂ ಕೇಳಬೇಡಿ. ಕಾನೂನು ಇದೆ, ಚೆನ್ನಾಗಿಯೇ ಇದೆ. ನಿಮ್ಮ ತಾಲ್ಲೂಕಿನಲ್ಲಿ ಅದನ್ನು ನಡೆಸುವ ಕೈ ಇಲ್ಲ. ಒಬ್ಬ ಪೂರ್ಣಾವಧಿ ಅಧಿಕಾರಿ, ಆ ಅಧಿಕಾರಿಗೆ ಓಡಾಡಲು ವಾಹನ, ರಾತ್ರಿ ಮನೆ ಬಿಟ್ಟು ಬಂದವಳಿಗೆ ನಾಲ್ಕು ದಿನ ತಂಗಲು ಜಾಗ, ಮತ್ತು ಪೊಲೀಸ್ ಠಾಣೆಗೆ ಹೋಗಬಾರದ ಒಂದು ಫೋನ್ ಕರೆ. ಇವನ್ನು ಕೇಳಿ. ‘ರಕ್ಷಣೆಗೆ ಬದ್ಧ’ ಅನ್ನುವುದಕ್ಕೆ ಯಾರಿಗೂ ನಯಾಪೈಸೆ ಖರ್ಚಾಗುವುದಿಲ್ಲ. ಇವುಗಳಿಗೆ ಹೌದೋ ಅಲ್ಲವೋ ಅನ್ನಲೇಬೇಕಾಗುತ್ತದೆ.

ಕಾನೂನಿನ ಬಗ್ಗೆ ನಿಮ್ಮ ಸಂಘದವರಿಗೆ ತಿಳಿದಿರಬೇಕಾದಷ್ಟು ಹೇಳುತ್ತೇನೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಹೊಡೆಯುವುದಷ್ಟೇ ದೌರ್ಜನ್ಯ ಎಂದು ಅದು ಹೇಳುವುದಿಲ್ಲ. ಬೈದು ಹೀನಾಯ ಮಾಡುವುದು, ಲೈಂಗಿಕ ಹಿಂಸೆ, ದುಡಿದ ಕೂಲಿ ಕಿತ್ತುಕೊಳ್ಳುವುದು, ಮನೆ ಖರ್ಚಿಗೆ ಕೊಡದಿರುವುದು, ಒಡವೆ ಮಾರಿ ತಿನ್ನುವುದು ಎಲ್ಲವೂ ಅದರಲ್ಲಿ ಬರುತ್ತದೆ. ಮನೆ ಮಾವನ ಹೆಸರಿನಲ್ಲಿದ್ದರೂ ಸೊಸೆಯನ್ನು ಹಾಗೆಲ್ಲ ಹೊರಗೆ ಹಾಕುವಂತಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ ಆಗಬೇಕು, ಮೊದಲ ವಿಚಾರಣೆಯಿಂದ ಅರವತ್ತು ದಿನದಲ್ಲಿ ಇತ್ಯರ್ಥ ಮಾಡಲು ಕೋರ್ಟ್ ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಅರವತ್ತು ದಿನದಲ್ಲಿ ಮುಗಿದ ಅರ್ಜಿ ಕಣ್ಣಿಗೆ ಬಿದ್ದರೆ ನಾವು ವಕೀಲರು ಒಬ್ಬರಿಗೊಬ್ಬರು ಕರೆದು ತೋರಿಸಿಕೊಳ್ಳುತ್ತೇವೆ, ಅಷ್ಟು ಅಪರೂಪ.

ಯಾಕೆ ಹೀಗೆ? ಕಾರಣಗಳು ಹಲವು, ಆದರೆ ಮೊದಲ ಗಂಟು ಸಂರಕ್ಷಣಾಧಿಕಾರಿಯ ಹತ್ತಿರ ಬೀಳುತ್ತದೆ. ಈ ಕಾಯ್ದೆಯ ಇಡೀ ಭಾರ ಆ ಒಂದು ಹುದ್ದೆಯ ಮೇಲಿದೆ. ನೊಂದವಳ ಮಾತು ಕೇಳಿ ಘಟನಾ ವರದಿ ಬರೆಯುವುದು, ಅದನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು, ಆಸ್ಪತ್ರೆಗೆ, ಆಶ್ರಯಕ್ಕೆ ಸೇರಿಸುವುದು, ಗಂಡನಿಗೆ ನೋಟಿಸ್ ಮುಟ್ಟಿಸುವುದು, ಕೋರ್ಟ್ ಆದೇಶ ಜಾರಿಯಾಗುವಂತೆ ನೋಡಿಕೊಳ್ಳುವುದು ಎಲ್ಲವೂ ಅವರ ಕೆಲಸ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಜವಾಬ್ದಾರಿಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ನೀವೆಲ್ಲ ಕರೆಯುವ ಸಿಡಿಪಿಒ ಮೇಡಂಗೆ, ಹೆಚ್ಚುವರಿಯಾಗಿ ವಹಿಸಲಾಗಿದೆ.

ನೀವು ಸಂಘದ ಕೆಲಸಕ್ಕೆ ಆ ಕಚೇರಿಗೆ ಹೋಗಿಯೇ ಇರುತ್ತೀರಿ. ಮೇಜಿನ ಮೇಲೆ ಏನೇನಿರುತ್ತದೆ ನೆನಪು ಮಾಡಿಕೊಳ್ಳಿ. ಅಂಗನವಾಡಿ ಮೊಟ್ಟೆಯ ಬಿಲ್ಲು, ಪೋಷಣ್ ಟ್ರ್ಯಾಕರಿನಲ್ಲಿ ತೂಕ ಹಾಕದೆ ಉಳಿದ ಮಕ್ಕಳ ಪಟ್ಟಿ, ಭಾಗ್ಯಲಕ್ಷ್ಮಿ ಬಾಂಡು, ಮಾತೃವಂದನಾ ಅರ್ಜಿ, ಸೋರುವ ಅಂಗನವಾಡಿಯ ಫೋಟೊ, ಸಹಾಯಕಿ ಹುದ್ದೆಯ ನೇಮಕಾತಿ ತಕರಾರು. 2023ರಿಂದ ಇದರ ಮೇಲೆ ಗೃಹಲಕ್ಷ್ಮಿ: ‘ಮೇಡಂ, ನಂದು ಎರಡ್ ತಿಂಗ್ಳ ರೊಕ್ಕ ಬಂದಿಲ್ರಿ’ ಎಂದು ಬೆಳಗ್ಗೆಯಿಂದ ಸಾಲು. ಆ ಸಾಲಿನ ಕೊನೆಗೆ ಸೆರಗಿನಿಂದ ಮುಖ ಮುಚ್ಚಿಕೊಂಡು ಒಬ್ಬಳು ನಿಂತಿರುತ್ತಾಳೆ. ಆಕೆಯ ಪಾಳಿ ಬಂದಾಗ ಮೇಡಂ ಜಿಲ್ಲಾ ಪಂಚಾಯಿತಿ ಮೀಟಿಂಗಿಗೆ ಹೊರಟಿರುತ್ತಾರೆ. ಘಟನಾ ವರದಿಯ ಫಾರಂ, ಕಾಯ್ದೆಯ ನಿಯಮಗಳಲ್ಲಿ ಅದು ನಮೂನೆ 1, ಹಲವು ಪುಟಗಳದ್ದು. ಯಾವ ದಿನ, ಯಾವ ಜಾಗದಲ್ಲಿ, ಯಾವ ಬಗೆಯ ಹಿಂಸೆ, ಯಾವ ಒಡವೆ ಯಾರ ಹತ್ತಿರ, ಮಕ್ಕಳು ಎಲ್ಲಿ ಎಂದು ಒಂದೊಂದಾಗಿ ಕೇಳಿ ಬರೆಯಬೇಕು. ಬಾಗಿಲು ಹಾಕಿ, ನೀರು ಕೊಟ್ಟು, ಕನಿಷ್ಠ ಒಂದೂವರೆ ತಾಸು ಕೂತು ಮಾಡುವ ಕೆಲಸ ಅದು. ಬಾಗಿಲೇ ಹಾಕಲಾಗದ ಕಚೇರಿಯಲ್ಲಿ ಆ ಫಾರಂ ಹತ್ತು ನಿಮಿಷದಲ್ಲಿ ತುಂಬುತ್ತದೆ, ‘ಗಂಡ ಕುಡಿದು ಬಂದು ಹೊಡೆಯುತ್ತಾನೆ’ ಎಂಬ ಒಂದು ಸಾಲಿನೊಂದಿಗೆ. ಒಂದು ಸಾಲಿನ ವರದಿ ಇಟ್ಟುಕೊಂಡು ಮಧ್ಯಂತರ ಆದೇಶ ಕೊಡಿ ಎಂದು ಮ್ಯಾಜಿಸ್ಟ್ರೇಟರನ್ನು ಕೇಳುವ ವಕೀಲರ ಪಾಡು ನಮಗೇ ಗೊತ್ತು.

ಆ ಅಧಿಕಾರಿಗಳನ್ನು ನಾನು ದೂರುತ್ತಿಲ್ಲ. ಕರ್ತವ್ಯ ಮಾಡದ ಸಂರಕ್ಷಣಾಧಿಕಾರಿಗೆ ಒಂದು ವರ್ಷದವರೆಗೆ ಸಜೆ ಎಂದು ಕಾಯ್ದೆ ಹೇಳುತ್ತದೆ, ಸರಿ. ಆದರೆ ಮೂರು ಜನರ ಕೆಲಸ ಒಬ್ಬರ ತಲೆಗೆ ಕಟ್ಟಿದ ಸರ್ಕಾರಕ್ಕೆ ಯಾವ ಸಜೆ? ದೆಹಲಿಯವರು ಕಾನೂನು ಮಾಡಿದರು, ಹುದ್ದೆ ಸೃಷ್ಟಿಸಿ ಸಂಬಳ ಕೊಡುವುದನ್ನು ರಾಜ್ಯಗಳಿಗೆ ಬಿಟ್ಟರು, ರಾಜ್ಯಗಳು ಇದ್ದವರ ಮೇಲೆಯೇ ಹೊರಿಸಿ ಕೈ ತೊಳೆದುಕೊಂಡವು. ಪಕ್ಕದ ಕೇರಳದಲ್ಲಿ ಜಿಲ್ಲೆಗೊಬ್ಬರಂತೆ ಮಹಿಳಾ ಸಂರಕ್ಷಣಾಧಿಕಾರಿ ಎಂಬ ಪ್ರತ್ಯೇಕ ಹುದ್ದೆಯೇ ಇದೆ. ಆಗದ ಮಾತೇನೂ ಅಲ್ಲ ಎಂಬುದಕ್ಕೆ ಅಷ್ಟು ಸಾಕು. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಕೂಡ ಎಲ್ಲ ರಾಜ್ಯಗಳಿಗೆ ಹೇಳಿತು: ಸಂರಕ್ಷಣಾಧಿಕಾರಿಗಳು ಇಲ್ಲದ ಕಡೆ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಅವರನ್ನು ಆರು ವಾರದಲ್ಲಿ ಗುರುತಿಸಿ ನೇಮಿಸಿ, ಕಾಯ್ದೆಗೆ ಪ್ರಚಾರ ಕೊಡಿ, ನೊಂದವರಿಗೆ ಉಚಿತ ಕಾನೂನು ನೆರವು ಸಿಗುವಂತೆ ನೋಡಿ ಎಂದು. ಈ ಆದೇಶ ಬಂದಾಗ ನನಗೆ ಖುಷಿಗಿಂತ ಅನುಮಾನವೇ ಹೆಚ್ಚಾಯಿತು. ಹೆಚ್ಚುವರಿ ಹೊಣೆಗೆ ಇನ್ನೊಂದು ಸುತ್ತೋಲೆ ಹೊರಡಿಸಿದರೂ ‘ನೇಮಿಸಿದ್ದೇವೆ’ ಅನ್ನಬಹುದಲ್ಲ! ಅದಕ್ಕೇ ಅಭ್ಯರ್ಥಿಗೆ ‘ಸಂರಕ್ಷಣಾಧಿಕಾರಿ ಇದ್ದಾರಾ’ ಎಂದು ಕೇಳಬೇಡಿ, ಇದ್ದಾರೆ ಅನ್ನುತ್ತಾರೆ. ‘ಬೇರೆ ಯಾವ ಕೆಲಸವೂ ಇಲ್ಲದ ಸಂರಕ್ಷಣಾಧಿಕಾರಿಯನ್ನು ನಮ್ಮ ತಾಲ್ಲೂಕಿಗೆ ಕೊಡಿಸುತ್ತೀರಾ, ಬಜೆಟ್ಟಿನಲ್ಲಿ ಅದಕ್ಕೆ ಹಣ ಕೇಳುತ್ತೀರಾ’ ಎಂದು ಕೇಳಿ.

ತಂಗುವ ಜಾಗದ ಮಾತು ಚಿಕ್ಕದು. ನೊಂದ ಹೆಣ್ಣುಮಕ್ಕಳಿಗೆ ನೆರವು, ತಾತ್ಕಾಲಿಕ ಆಶ್ರಯ ಕೊಡುವ ಸರ್ಕಾರದ ‘ಸಖಿ’ ಕೇಂದ್ರ ಜಿಲ್ಲೆಗೊಂದು ಇರುತ್ತದೆ, ಹೆಚ್ಚಾಗಿ ಜಿಲ್ಲಾ ಆಸ್ಪತ್ರೆಯ ಹತ್ತಿರ. ಹಿರೇಕೆರೂರು, ರಟ್ಟೀಹಳ್ಳಿ ಕಡೆಯ ಹಳ್ಳಿಯವಳು ರಾತ್ರಿ ಹತ್ತಕ್ಕೆ ಕೂಸು ಎತ್ತಿಕೊಂಡು ಹೊರಬಿದ್ದರೆ ಹಾವೇರಿ ಎಲ್ಲಿ, ಅವಳೆಲ್ಲಿ? ಮಹಿಳೆಯರಿಗೆ ಬಸ್ಸು ಉಚಿತವಾದದ್ದು ಈ ವಿಷಯದಲ್ಲಿ ದೊಡ್ಡ ಅನುಕೂಲವೇ. ತವರಿಗೋ ಕೋರ್ಟಿಗೋ ಹೋಗಲು ಗಂಡನ ಜೇಬು ನೋಡಬೇಕಾಗಿಲ್ಲ ಎಂದು ನನ್ನ ಕಕ್ಷಿದಾರರೇ ಹೇಳುತ್ತಾರೆ. ಆದರೆ ರಾತ್ರಿ ಹತ್ತಕ್ಕೆ ಬಸ್ಸೇ ಇರುವುದಿಲ್ಲ. ತಾಲ್ಲೂಕು ಆಸ್ಪತ್ರೆ ಆವರಣದಲ್ಲಿ ಖಾಲಿ ಬಿದ್ದ ಒಂದು ಸರ್ಕಾರಿ ಕ್ವಾರ್ಟರ್ಸ್, ಒಬ್ಬ ಕಾವಲಿನಾಕೆ, ಒಂದು ಅಡುಗೆ ಒಲೆ. ಎಲ್ಲಿ ಖಾಲಿ ಇದೆ ಎಂದು ನೀವೇ ನೋಡಿ, ಕಟ್ಟಡ ತೋರಿಸಿಯೇ ಕೇಳಿ.

ಇನ್ನು ಫೋನ್ ಕರೆ. ಇದಕ್ಕೆ ಒಂದು ರೂಪಾಯಿ ಬಜೆಟ್ ಬೇಡ, ಆದರೆ ಅಭ್ಯರ್ಥಿಗಳು ಮಾತು ಕೊಡಲು ಅತಿ ಹೆಚ್ಚು ಹಿಂಜರಿಯುವುದು ಇದಕ್ಕೇ. ಹೆಂಡತಿ ಠಾಣೆಗೆ ಹೋಗಿ ದೂರು ಕೊಡುತ್ತಾಳೆ. ಗಂಡನ ಕಡೆಯವರು ಊರಿನ ಲೀಡರನ್ನು ಹಿಡಿಯುತ್ತಾರೆ, ಲೀಡರು ಶಾಸಕರ ಆಪ್ತ ಸಹಾಯಕರಿಗೆ ಹೇಳುತ್ತಾನೆ, ಅಲ್ಲಿಂದ ಸಬ್ ಇನ್‌ಸ್ಪೆಕ್ಟರಿಗೆ ಫೋನ್: ‘ಮನಿ ಮಾತೈತ್ರಿ, ಕರ್ದು ಬುದ್ಧಿ ಹೇಳಿ ಕಳ್ಸ್ರಿ.’ ದೂರು ‘ಅರ್ಜಿ ವಿಚಾರಣೆ’ ಎಂಬ ಕಡತಕ್ಕೆ ಇಳಿಯುತ್ತದೆ. ಗಂಡ ಒಂದು ಮುಚ್ಚಳಿಕೆ ಬರೆದುಕೊಡುತ್ತಾನೆ, ಇನ್ನು ಮುಂದೆ ಹೊಡೆಯುವುದಿಲ್ಲ ಎಂದು. ಅವಳ ಹೆಬ್ಬೆಟ್ಟೋ ಸಹಿಯೋ ಬೀಳುತ್ತದೆ. ಆ ಮುಚ್ಚಳಿಕೆಗೆ ಕೋರ್ಟಿನ ಸಂರಕ್ಷಣಾ ಆದೇಶದ ಬಲವಿಲ್ಲ. ಸಂರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ ಇಪ್ಪತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುಚ್ಚಳಿಕೆ ಮೀರಿದರೆ ಇನ್ನೊಂದು ಮುಚ್ಚಳಿಕೆ.

ಆದ್ದರಿಂದ ಅಭ್ಯರ್ಥಿಯಿಂದ ಈ ಮಾತು ಪಡೆಯಿರಿ: ಗೆದ್ದ ಮೇಲೆ ತಾನಾಗಲಿ, ತನ್ನ ಕಚೇರಿಯವರಾಗಲಿ ಹೆಂಡತಿಯನ್ನು ಹೊಡೆದವನ ಪರವಾಗಿ ಠಾಣೆಗೆ ಫೋನ್ ಮಾಡುವುದಿಲ್ಲ, ತನ್ನ ಹೆಸರು ಹೇಳಿ ಯಾರಾದರೂ ಮಾಡಿದರೆ ಅದಕ್ಕೆ ಬೆಲೆ ಕೊಡಬೇಡಿ ಎಂದು ಠಾಣೆಗೆ ಮೊದಲೇ ತಿಳಿಸುತ್ತೇನೆ, ಎಂದು. ನನ್ನ ಪ್ರಕಾರ ಉಳಿದೆಲ್ಲ ಬೇಡಿಕೆ ಬಿಟ್ಟರೂ ಇದೊಂದನ್ನು ಬಿಡಬಾರದು. ಮಾತು ಕೊಟ್ಟವರು ತಪ್ಪಿಸಬಹುದು, ನಿಜ. ಆದರೆ ಹತ್ತು ಊರಿನ ಸಂಘದವರೆದುರು ಕೊಟ್ಟ ಮಾತು ಎಂದು ಊರಿನ ಲೀಡರಿಗೂ ಗೊತ್ತಿದ್ದರೆ ಅವನೇ ಕೇಳಲು ಅಂಜುತ್ತಾನೆ.

ಕೇಳಿದಾಗ ನಿಮಗೆ ಸಿಗುವ ತಿರುಗುಬಾಣಗಳನ್ನೂ ಹೇಳಿಬಿಡುತ್ತೇನೆ, ತಯಾರಾಗಿರಿ. ಮೊದಲನೆಯದು ಗೊತ್ತಿದ್ದದ್ದೇ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಇದಕ್ಕೆ ವಾದ ಬೇಡ, ಒಂದು ಅಂಕಿ ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದಾರೆ. ದೇಶದ ಸರಾಸರಿ ಶೇ 29.3. ನಾವು ಬಿಹಾರಕ್ಕಿಂತ ಮೇಲಿದ್ದೇವೆ, ದೇಶಕ್ಕೇ ಮೊದಲು. ಇಲ್ಲಿ ಎರಡು ಎಚ್ಚರಿಕೆ. ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇ 20.6 ಇತ್ತು, ಹಾಗೆಂದು ‘ನಾಲ್ಕು ವರ್ಷದಲ್ಲಿ ದೌರ್ಜನ್ಯ ದುಪ್ಪಟ್ಟಾಯಿತು’ ಎಂದು ಭಾಷಣ ಮಾಡಬೇಡಿ. ಹೊಡೆತ ಅಷ್ಟು ಬೇಗ ದುಪ್ಪಟ್ಟಾಗುವುದಿಲ್ಲ. ಕೇಳಿದ ರೀತಿ, ಹೇಳುವ ಧೈರ್ಯ ಎರಡೂ ಅಂಕಿಯನ್ನು ಏರಿಸುತ್ತವೆ, ಮತ್ತು ಧೈರ್ಯ ಏರಿದ್ದರೆ ಅದು ಒಳ್ಳೆಯ ಸುದ್ದಿಯೇ. ಎರಡನೆಯದಾಗಿ, ‘ಅದು ಲಾಕ್‌ಡೌನ್ ಕಾಲದ್ದು ಬಿಡ್ರಿ’ ಎಂದು ಯಾರಾದರೂ ಜಾರಿಕೊಂಡರೆ ಬಿಡಬೇಡಿ. ಕರ್ನಾಟಕದಲ್ಲಿ ಆ ಸಮೀಕ್ಷೆ ನಡೆದದ್ದು 2019ರ ಜುಲೈಯಿಂದ ಡಿಸೆಂಬರ್‌ವರೆಗೆ, ಕೊರೊನಾ ಬರುವುದಕ್ಕೂ ಮೊದಲು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನಿಮ್ಮ ಕಿವಿಯಲ್ಲಿರಲಿ. ದೇಶದಲ್ಲಿ ಇಂಥ ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ನೂರಕ್ಕೆ 14. ಯಾರಿಗೂ ಹೇಳದೆ, ಏನನ್ನೂ ಕೇಳದೆ ಉಳಿದವರು 77. ‘ನಮ್ಮ ಕ್ಷೇತ್ರದಾಗ ಅಂಥಾ ಕೇಸ ಇಲ್ಲವಾ’ ಎಂದು ಅಭ್ಯರ್ಥಿ ಹೇಳುವುದು ಠಾಣೆಯ ರಿಜಿಸ್ಟರ್ ನೋಡಿ. ಅಲ್ಲಿಗೆ ಬಾರದವರೇ ಜಾಸ್ತಿ.

ಎರಡನೇ ತಿರುಗುಬಾಣ ಸೆರೆ. ‘ಎಲ್ಲಾ ಕುಡಿತದಿಂದ ಆಗೋದು, ಅಕ್ರಮ ಸೆರೆ ಬಂದ್ ಮಾಡಸ್ತೀವಿ’ ಎನ್ನುತ್ತಾರೆ. ಈ ಬೇಡಿಕೆಯ ಹಿಂದೆ ನಮ್ಮ ಹೆಣ್ಣುಮಕ್ಕಳ ದೊಡ್ಡ ಹೋರಾಟವೇ ಇದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಆ ಹೋರಾಟಕ್ಕೆ ನನ್ನ ನಮಸ್ಕಾರ. ಆದರೆ ಅಭ್ಯರ್ಥಿ ಆ ಕಡೆ ಮಾತು ತಿರುಗಿಸಿದರೆ ನೀವು ತಿರುಗಬೇಡಿ. ಸಾರಾಯಿ ನಿಂತು ಹನ್ನೆರಡು ವರ್ಷದ ಮೇಲೆ ಬಂದದ್ದೇ ಆ ಶೇ 44. ಕುಡಿಯದ ಗಂಡಂದಿರ ಹೆಂಡತಿಯರಲ್ಲೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹೊಡೆತ ತಿಂದಿದ್ದಾರೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಕುಡಿದವನು ಠಾಣೆಯ ಫೌಜುದಾರನಿಗೆ ಹೊಡೆಯುವುದಿಲ್ಲ, ಮನೆಗೆ ಬಂದು ಹೆಂಡತಿಗೇ ಹೊಡೆಯುತ್ತಾನೆ. ಯಾರಿಗೆ ಹೊಡೆದರೆ ನಡೆಯುತ್ತದೆ ಎಂಬ ಲೆಕ್ಕ ಅಮಲಿನಲ್ಲೂ ತಪ್ಪುವುದಿಲ್ಲ.

ಮೂರನೆಯದು ಈಚೆಗೆ ಜೋರಾಗಿದೆ: ‘ಹೆಂಗಸರು ಸುಳ್ಳು ಕೇಸು ಹಾಕುತ್ತಾರೆ.’ ಹೆಂಡತಿಗೆ ಗಂಡ ಮತ್ತು ಅವನ ಕಡೆಯವರು ಕೊಡುವ ಕಿರುಕುಳಕ್ಕೆ ಶಿಕ್ಷೆ ಹೇಳುವ ಐಪಿಸಿಯ 498ಎ, ಅಂದರೆ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ದುರುಪಯೋಗವಾಗುವ ಪ್ರಕರಣಗಳು ಇವೆ. ಕೋರ್ಟುಗಳೇ ಹೇಳಿವೆ, ನಾನೂ ಅಲ್ಲಗಳೆಯುವುದಿಲ್ಲ. ದೂರು ಬಂದ ಕೂಡಲೇ ಯಾಂತ್ರಿಕವಾಗಿ ಬಂಧಿಸಬಾರದೆಂದು 2014ರಲ್ಲೇ ಅರ್ನೇಶ್ ಕುಮಾರ್ ತೀರ್ಪು ಬಂದಿದೆ, ಪೊಲೀಸರು ಅದನ್ನು ಪಾಲಿಸಲೇಬೇಕು. ಆದರೆ ನೀವು ಅಭ್ಯರ್ಥಿಯಿಂದ ಕೇಳುತ್ತಿರುವುದು ಬಂಧನವನ್ನಲ್ಲ. 2005ರ ಕಾಯ್ದೆಯಲ್ಲಿ ಆದೇಶ ಮೀರುವ ತನಕ ಯಾರೂ ಜೈಲಿಗೆ ಹೋಗುವುದಿಲ್ಲ. ಹೊಡೆಯಬೇಡ, ಮನೆಯಿಂದ ಹಾಕಬೇಡ, ಖರ್ಚಿಗೆ ಕೊಡು, ಇಷ್ಟೇ ಅಲ್ಲಿರುವುದು. ಸಮಾಧಾನವಾಗಿ ಇದನ್ನು ಹೇಳಿ. ಸುಳ್ಳು ಕೇಸಿನ ಚಿಂತೆ ನಿಜವಾಗಿ ಇರುವವರು ಮೊದಲ ದಿನವೇ ಕೂತು ವಿವರವಾಗಿ ಬರೆದುಕೊಳ್ಳುವ ಪೂರ್ಣಾವಧಿ ಅಧಿಕಾರಿ ಬೇಕು ಎನ್ನಬೇಕು. ನಿಜ ಸುಳ್ಳು ಬೇರೆಯಾಗುವುದು ಅಲ್ಲಿಯೇ.

ಕೇಳುವ ರೀತಿಗೆ ಬರೋಣ. ಹೋಗುವ ಮೊದಲು ನಿಮ್ಮ ತಾಲ್ಲೂಕಿನ ಅಂಕಿ ಕೈಯಲ್ಲಿರಲಿ. ಸಿಡಿಪಿಒ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ: ಮೂರು ವರ್ಷದಲ್ಲಿ ಎಷ್ಟು ಘಟನಾ ವರದಿ ದಾಖಲಾಗಿವೆ, ಎಷ್ಟು ಕೋರ್ಟಿಗೆ ಹೋಗಿವೆ, ಸಂರಕ್ಷಣಾಧಿಕಾರಿಯ ಕೆಲಸಕ್ಕೆಂದೇ ಸಿಬ್ಬಂದಿ, ವಾಹನ ಇದೆಯೇ, ಕಾಯ್ದೆಯ ಪ್ರಚಾರಕ್ಕೆ ಎಷ್ಟು ಖರ್ಚಾಗಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಮಾಹಿತಿ ಬರಲು ಮೂವತ್ತು ದಿನ ಬೇಕು, ಆದ್ದರಿಂದ ಚುನಾವಣೆ ಘೋಷಣೆಯಾಗುವ ತನಕ ಕಾಯದೆ ಈಗಲೇ ಹಾಕಿ. ‘ಹೋದ ವರ್ಷ ಇಡೀ ತಾಲ್ಲೂಕಿನಲ್ಲಿ ಇಷ್ಟೇ ವರದಿ ಆಗಿದೆ ಸಾಹೇಬ್ರ, ನಮ್ಮ ಒಂದು ಊರಾಗ ಇದಕ್ಕಿಂತ ಜಾಸ್ತಿ ಐತಿ’ ಎಂದರೆ ಅಭ್ಯರ್ಥಿ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಅವರು ನಿಮ್ಮ ಮನೆ ಬಾಗಿಲಿಗೆ ಪ್ರಚಾರಕ್ಕೆ ಬಂದಾಗ ಕೇಳಬೇಡಿ. ಅಲ್ಲಿ ಅತ್ತೆ ಒಳಗಿರುತ್ತಾರೆ, ಗಂಡ ಕಟ್ಟೆ ಮೇಲಿರುತ್ತಾನೆ. ಒಬ್ಬಳೇ ಕೇಳಿದರೆ ‘ಇವಳ ಮನೆಯಲ್ಲಿ ಏನೋ ಇದೆ’ ಎಂದಾಗುತ್ತದೆ. ಎರಡು ಮೂರು ಊರಿನ ಸಂಘಗಳು ಸೇರಿ, ಎಲ್ಲ ಅಭ್ಯರ್ಥಿಗಳಿಗೂ ಒಂದೇ ಒಕ್ಕಣೆಯ ಪತ್ರ ಕೊಡಿ. ಹೆಸರು, ಊರು, ಯಾರ ಪ್ರಕರಣದ ಗುರುತೂ ಅದರಲ್ಲಿ ಇರಬಾರದು. ಕೆಳಗೆ ‘ಒಪ್ಪುತ್ತೇನೆ, ಒಪ್ಪುವುದಿಲ್ಲ’ ಎಂದು ಬರೆದು ಸಹಿಗೆ ಜಾಗ ಬಿಡಿ. ಸಹಿ ಹಾಕಿದ್ದನ್ನೂ ಹಾಕದೆ ಹೋದದ್ದನ್ನೂ ಹಾಗೆಯೇ ಊರವರಿಗೆ ತಿಳಿಸಿ, ಇಂಥವರಿಗೇ ಓಟು ಹಾಕಿ ಎಂದು ಮಾತ್ರ ಸಂಘದ ಹೆಸರಿನಲ್ಲಿ ಹೇಳಬೇಡಿ. ಸಂಘದಲ್ಲಿ ಎಲ್ಲ ಪಕ್ಷದವರೂ ಇರುತ್ತಾರೆ, ಮುರಿದರೆ ಮತ್ತೆ ಕಟ್ಟುವುದು ಕಷ್ಟ. ಅಂಗನವಾಡಿ, ಆಶಾ ಕಾರ್ಯಕರ್ತೆಯರನ್ನು ಮುಂದೆ ಬಿಡಬೇಡಿ; ನೀತಿ ಸಂಹಿತೆಯ ಹೆಸರಿನಲ್ಲಿ ಯಾರಾದರೂ ದೂರು ಕೊಟ್ಟರೆ ಅವರ ಕೆಲಸಕ್ಕೆ ಕುತ್ತು. ಮೈಕು ಹಾಕಿ ಸಭೆ ಮಾಡುವುದಾದರೆ ಅನುಮತಿ ಪಡೆಯಿರಿ.

‘ಓಟಿಗೆ ಬದಲು ಬೇಡಿಕೆ ಇಟ್ಟರೆ ಅದೂ ಆಮಿಷ ಅಲ್ಲವೇ’ ಎಂದು ಒಬ್ಬ ಕಾರ್ಯಕರ್ತ ಹೆದರಿಸಬಹುದು. ಅಲ್ಲ. ಸೀರೆ, ಕುಕ್ಕರ್, ಸಂಘದ ಹೆಸರಿಗೆ ಕೊಡುವ ಐದು ಹತ್ತು ಸಾವಿರ, ಅವೆಲ್ಲ ಲಂಚ, ಕೊಟ್ಟವರಿಗೂ ತೆಗೆದುಕೊಂಡವರಿಗೂ ಶಿಕ್ಷೆ ಇದೆ. ಸಾರ್ವಜನಿಕ ನೀತಿಯ ಘೋಷಣೆ, ಸಾರ್ವಜನಿಕ ಕೆಲಸದ ಭರವಸೆ ಲಂಚವಾಗುವುದಿಲ್ಲ ಎಂದು ಚುನಾವಣಾ ಲಂಚದ ಕಲಮಿನಲ್ಲೇ ಬರೆದಿದೆ. ತಾಲ್ಲೂಕಿಗೆ ಅಧಿಕಾರಿ ಕೇಳುವುದು ಎರಡನೆಯ ಬಗೆಯದು. ಒಂದು ಮಾತು, ಪತ್ರ ಕೊಡಲು ಹೋದ ದಿನ ಅವರು ಕೊಟ್ಟ ಸೀರೆ ತೆಗೆದುಕೊಂಡು ಬಂದರೆ ಪತ್ರದ ಕಥೆ ಅಲ್ಲಿಗೆ ಮುಗಿಯಿತು.

ವಿಧಾನಸಭೆ, ಲೋಕಸಭೆ ಚುನಾವಣೆಯಾದರೆ ಅಭ್ಯರ್ಥಿಯ ಪ್ರಮಾಣಪತ್ರವನ್ನೂ ಓದಿ. ನಮೂನೆ 26 ಎನ್ನುತ್ತಾರೆ, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳು, ಅವುಗಳ ಕಲಂ ಸಮೇತ ಅದರಲ್ಲಿ ಇರಬೇಕು. 498ಎ ಅಥವಾ 85 ಎಂದು ಕಂಡರೆ ಅಪರಾಧ ಸಾಬೀತಾಯಿತೆಂದಲ್ಲ. ಆದರೆ ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟದ್ದು ಯಾಕೆ, ‘ಗೆಲ್ಲುತ್ತಾರೆ’ ಎಂಬುದನ್ನು ಬಿಟ್ಟು ಬೇರೆ ಕಾರಣ ಹೇಳಿ ಪ್ರಕಟಿಸಬೇಕೆಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪಕ್ಷಗಳಿಗೆ ಹೇಳಿದೆ. ಆ ಕಾರಣವನ್ನು ಓದಿ ಹೇಳಿ ಎಂದು ಪಕ್ಷದವರನ್ನೇ ಕೇಳಬಹುದು. ಹೆಂಡತಿ ಜೀವನಾಂಶಕ್ಕೆ, ರಕ್ಷಣೆಗೆ ಹಾಕಿದ ಅರ್ಜಿ ಮಾತ್ರ ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಬರುವುದಿಲ್ಲ. ಅದರ ಬಗ್ಗೆ ಊರ ಬಾಯಿಯ ಸುದ್ದಿ ಹಿಡಿದು ವೇದಿಕೆ ಹತ್ತಬೇಡಿ.

ಗ್ರಾಮ ಪಂಚಾಯಿತಿ ಚುನಾವಣೆಯ ಲೆಕ್ಕ ಬೇರೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ನಿಂತವರು ನಿಮ್ಮ ಓಣಿಯವರೇ, ಅರ್ಧದಷ್ಟು ಸ್ಥಾನ ಮಹಿಳೆಯರದೇ. ಅವರ ಕೈಯಲ್ಲಿ ಹುದ್ದೆ ಸೃಷ್ಟಿಸುವ ಅಧಿಕಾರ ಇಲ್ಲ, ಆದರೆ ರಾಜಿ ಪಂಚಾಯಿತಿಗೆ ಮೊದಲು ಕರೆಯುವುದು ಅವರನ್ನೇ. ‘ಹೊಡೆತದ ವಿಷಯದಲ್ಲಿ ಕಟ್ಟೆ ಪಂಚಾಯಿತಿ ಮಾಡಿ ಹೆಣ್ಣುಮಗಳನ್ನು ವಾಪಸ್ ಕಳಿಸುವುದಿಲ್ಲ, 181ಕ್ಕೆ ಫೋನ್ ಹಚ್ಚಿ ಕೊಡುತ್ತೇನೆ’ ಎಂಬ ಮಾತು ಸಾಕು. ಜೊತೆಗೆ ಸಾಮಾಜಿಕ ನ್ಯಾಯ ಸಮಿತಿಯ ಸಭೆಯಲ್ಲೂ ಮಹಿಳಾ ಗ್ರಾಮಸಭೆಯಲ್ಲೂ ಈ ವಿಷಯ ಚರ್ಚೆಗೆ ಇಡುತ್ತೇನೆ ಎಂದರೆ ಇನ್ನೂ ಒಳ್ಳೆಯದು. ಸದಸ್ಯೆಯ ಬದಲು ಅವರ ಗಂಡನೇ ಸಭೆ ನಡೆಸುವ ಊರಾದರೆ ಪತ್ರಕ್ಕೆ ಸದಸ್ಯೆಯ ಸಹಿಯನ್ನೇ ಪಡೆಯಿರಿ.

ಗೆದ್ದ ಮೇಲಿನ ಕೆಲಸವನ್ನು ಹೆಚ್ಚಿನ ಸಂಘಗಳು ಮರೆಯುತ್ತವೆ. ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ಅಲ್ಲಿ ಕೃಷಿ, ಕುಡಿಯುವ ನೀರು, ಶಾಲೆ ಎಂದು ಇಲಾಖಾವಾರು ಲೆಕ್ಕ ಕೇಳುತ್ತಾರೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸರದಿ ಬಂದಾಗ ಮೊಟ್ಟೆ, ಕಟ್ಟಡ, ಗೃಹಲಕ್ಷ್ಮಿ ಕೇಳಿ ಮುಂದೆ ಹೋಗುತ್ತಾರೆ. ‘ಈ ಮೂರು ತಿಂಗಳಲ್ಲಿ ಎಷ್ಟು ಘಟನಾ ವರದಿ, ಎಷ್ಟಕ್ಕೆ ಮಧ್ಯಂತರ ಆದೇಶ ಸಿಕ್ಕಿದೆ, ಎಷ್ಟು ನೋಟಿಸ್ ಮುಟ್ಟಿಲ್ಲ’ ಎಂಬ ಪ್ರಶ್ನೆಯನ್ನು ಶಾಸಕರು ಸೇರಿಸಿದರೆ ಮುಂದಿನ ಸಭೆಗೆ ಅಧಿಕಾರಿಗಳು ಆ ಲೆಕ್ಕ ಇಟ್ಟುಕೊಂಡೇ ಬರಬೇಕಾಗುತ್ತದೆ. ನಡಾವಳಿಯಲ್ಲಿ ಬಂದ ಅಂಕಿಗೆ ಉತ್ತರ ಕೊಡಲೇಬೇಕು, ಕಚೇರಿಗಳು ನಡೆಯುವುದೇ ಹಾಗೆ. ನಿಮ್ಮ ಪತ್ರದಲ್ಲಿ ಇದನ್ನೂ ಒಂದು ಬೇಡಿಕೆಯಾಗಿ ಬರೆಯಿರಿ. ಪ್ರತ್ಯೇಕ ಹುದ್ದೆಯ ವಿಷಯ ಮಾತ್ರ ಸದನಕ್ಕೇ ಹೋಗಬೇಕು. ಬೆಳಗಾವಿಯ ಚಳಿಗಾಲದ ಅಧಿವೇಶನ ನಿಮಗೆ ಹತ್ತಿರ. ಅದಕ್ಕೆ ಒಂದು ತಿಂಗಳು ಮೊದಲು ಶಾಸಕರ ಆಪ್ತ ಸಹಾಯಕರ ಕೈಗೆ ಸಿದ್ಧ ಪ್ರಶ್ನೆಯನ್ನೇ ಬರೆದುಕೊಡಿ. ‘ನೋಡಿ ಏನಾದರೂ ಮಾಡಿ’ ಎಂದರೆ ಅದು ಮೇಜಿನ ಡ್ರಾದಲ್ಲಿ ಉಳಿಯುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯ, ಅಂದರೆ ಸಚಿವರು ಸದನದಲ್ಲೇ ಎದ್ದು ಉತ್ತರಿಸಬೇಕಾದ ಪ್ರಶ್ನೆಯ, ರೂಪದಲ್ಲಿ ಕೊಟ್ಟರೆ ಅವರು ಸಹಿ ಹಾಕಿ ಕಳಿಸುವುದಷ್ಟೇ ಬಾಕಿ.

ಪತ್ರದ ಕರಡು ಬರೆದ ಮೇಲೆ ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯ ವಕೀಲರೊಬ್ಬರಿಗೆ ತೋರಿಸಿ. ಯಾರದಾದರೂ ಗುರುತು ಸಿಗುವಂಥ ಸಾಲು ಉಳಿದಿದ್ದರೆ ಅವರು ಹೊಡೆದು ಹಾಕುತ್ತಾರೆ. ತವರಿಗೆ ಬಂದಿರುವ ಆಕೆಯ ಅರ್ಜಿಯ ಕೆಲಸವೂ ಅದೇ ಭೇಟಿಯಲ್ಲಿ ಮುಗಿದೀತು.